ಎದೆಮಾಂಸ, ಅವಸರ ಮತ್ತು ಪಾಪದ ಪಾಲು

ಬ್ರಿಸ್ಕೆಟ್ ಎಂದರೆ ದನದ ಎದೆಯ ಕೆಳಗೆ, ಮುಂಗಾಲುಗಳ ನಡುವೆ ಇರುವ ಮಾಂಸ. ಮಾಂಸದಂಗಡಿಯ ಉರ್ದು ಮಾತಿನಲ್ಲಿ ಇದು ಸೀನಾ. ದನಕ್ಕೆ ಮನುಷ್ಯರಿಗಿರುವಂಥ ಕಾಲರ್ ಬೋನ್ ಇಲ್ಲ. ಹಾಗಾಗಿ ಮೈಭಾರದ ದೊಡ್ಡ ಪಾಲನ್ನು ನಿಂತಾಗಲೂ ನಡೆದಾಗಲೂ ಈ ಎದೆಸ್ನಾಯುಗಳೇ ಹೊರುತ್ತವೆ. ದುಡಿದ ಸ್ನಾಯು ಗಟ್ಟಿ. ಅದರ ಎಳೆಗಳನ್ನು ಕಟ್ಟಿ ಹಿಡಿದಿರುವ ಕೊಲಾಜನ್ ಪೊರೆ ದಪ್ಪ. ಪ್ರಾಣಿಗೆ ವಯಸ್ಸಾದಂತೆ ಆ ಪೊರೆಯ ಒಳಬೆಸುಗೆಗಳು ಹೆಚ್ಚುತ್ತವೆ, ಅದನ್ನು ಕರಗಿಸುವುದಕ್ಕೆ ಬೇಕಾಗುವ ಹೊತ್ತೂ ಹೆಚ್ಚುತ್ತದೆ.

ಕೊಲಾಜನ್ ಸುಮಾರು 60 ಡಿಗ್ರಿಯಲ್ಲಿ ಸೆಟೆದು ಮಾಂಸದ ರಸವನ್ನು ಹಿಂಡುತ್ತದೆ. 70 ಡಿಗ್ರಿ ದಾಟಿದ ಮೇಲೆ ನಿಧಾನವಾಗಿ ಕರಗಿ ಅಂಟಂಟಾದ ಜೆಲಾಟಿನ್ ಆಗುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಐದಾರು ಕೆಜಿಯ ಇಡೀ ಬ್ರಿಸ್ಕೆಟ್ಟನ್ನು ಹತ್ತು ಹನ್ನೆರಡು ತಾಸು ಹೊಗೆಯಲ್ಲಿಟ್ಟು, ಒಳಗಿನ ಶಾಖ 95 ಡಿಗ್ರಿಯ ಹತ್ತಿರ ಬರುವ ತನಕ ಕಾಯುವುದು ಇದಕ್ಕಾಗಿ. ಫಿಲಿಪ್ಸ್ ಕಂಪನಿ 2010ರಲ್ಲಿ ಮಾರುಕಟ್ಟೆಗೆ ತಂದ ಏರ್ ಫ್ರೈಯರ್ ಬೇರೆ ಜಾತಿಯ ಒಲೆ. ಅದು ಫ್ಯಾನಿನಿಂದ ಬಿಸಿಗಾಳಿಯನ್ನು ಜೋರಾಗಿ ಸುತ್ತಿಸಿ ಪದಾರ್ಥದ ಮೈಯನ್ನು ಒಣಗಿಸಿ ಕೆಂಪಗೆ ಮಾಡುತ್ತದೆ. 200 ಡಿಗ್ರಿಗೆ ಇಟ್ಟ ಅರ್ಧ ಕೆಜಿ ತುಂಡು ಅರ್ಧ ತಾಸಿನೊಳಗೆ ಹೊರಗಿನಿಂದ ಹದವಾದಂತೆ ಕಾಣುತ್ತದೆ. ಕೊಬ್ಬು ಬುಟ್ಟಿಯ ತಳಕ್ಕೆ ಇಳಿದಿರುತ್ತದೆ, ಅಂಚು ಗರಿಗರಿ ಆಗಿರುತ್ತದೆ. ಕೊಯ್ದು ನೋಡಿದರೆ ಒಳಗಿನ ಬಿಳಿ ಪೊರೆ ಕರಗಿಲ್ಲ, ಬರೀ ಸೆಟೆದುಕೊಂಡಿದೆ, ಹಲ್ಲಿಗೆ ಬಗ್ಗುವುದಿಲ್ಲ. ಬೇಗ ಆಗಬೇಕೆನ್ನುವವರಿಗೆ ಎರಡು ದಾರಿಗಳಿವೆ. ಎಳೆಗೆ ಅಡ್ಡವಾಗಿ ತೆಳ್ಳಗೆ ಹೆಚ್ಚಿ, ಪಪ್ಪಾಯಿಕಾಯಿ ಅರೆದು ಹಚ್ಚಿ ನೆನೆಯಿಟ್ಟು ಬೇಯಿಸುವುದು ಒಂದು. ಕುಕ್ಕರಿನಲ್ಲಿ ಸುಮಾರು 120 ಡಿಗ್ರಿಯ ಒತ್ತಡದ ಹಬೆಯಲ್ಲಿ ಮೆತ್ತಗೆ ಮಾಡಿಕೊಂಡು, ಕೊನೆಯ ಹತ್ತು ನಿಮಿಷ ಮಾತ್ರ ಏರ್ ಫ್ರೈಯರಿಗೆ ಹಾಕುವುದು ಇನ್ನೊಂದು. ಎರಡನೆಯದರಲ್ಲಿ ನಿಜವಾದ ಕೆಲಸ ಕುಕ್ಕರಿನದು, ಹೊಸ ಯಂತ್ರದ್ದು ಬಣ್ಣ ಹಚ್ಚುವ ಕೆಲಸ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಈ ಅಡುಗೆ ಪಾಕಶಾಸ್ತ್ರದ ಮಾತಾಗಿ ಉಳಿಯುವುದಿಲ್ಲ. ಇಲ್ಲಿ ಕಾನೂನು ಮೊದಲೇ ಒಳಗೆ ಬರುತ್ತದೆ. ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮ, 2020ರ ಪ್ರಕಾರ ಆಕಳು, ಕರು, ಹೋರಿ, ಎತ್ತುಗಳ ವಧೆ ಯಾವ ವಯಸ್ಸಿನಲ್ಲೂ ಇಲ್ಲ. ಎಮ್ಮೆ ಕೋಣಗಳಿಗೆ ಹದಿಮೂರು ವರ್ಷ ತುಂಬಿರಬೇಕು, ಸಕ್ಷಮ ಪ್ರಾಧಿಕಾರದ ಪ್ರಮಾಣಪತ್ರವೂ ಬೇಕು. ಉಲ್ಲಂಘನೆಗೆ ಮೂರರಿಂದ ಏಳು ವರ್ಷದ ಸೆರೆ. ಅದಕ್ಕೆ ಮೊದಲಿದ್ದ 1964ರ ಕಾಯ್ದೆ, ಹನ್ನೆರಡು ವರ್ಷ ದಾಟಿದ ಅಥವಾ ದುಡಿಮೆಗೆ ಬಾರದ ಎತ್ತು ಹೋರಿಗಳಿಗೂ ಅನುಮತಿ ಕೊಡುತ್ತಿತ್ತು. ಈಗ ಈ ತಾಲ್ಲೂಕುಗಳಲ್ಲಿ ಕಾನೂನಿಗೆ ಒಳಪಟ್ಟ ಸೀನಾ ಅಂದರೆ ಮುದಿ ಎಮ್ಮೆಯದು, ಮುದಿ ಕೋಣದ್ದು. ಅಂದರೆ ಎಲ್ಲಕ್ಕಿಂತ ತಡವಾಗಿ ಬೇಯುವ ಮಾಂಸವನ್ನೇ ಕಾನೂನು ಅಡುಗೆಮನೆಗೆ ಬಿಟ್ಟಿದೆ. ಶಾಸಕರು ಕೊಲಾಜನ್ ಲೆಕ್ಕ ಹಾಕಿ ಹೀಗೆ ಮಾಡಿದ್ದೇನಲ್ಲ.

ಕಾನೂನು ನೋಡುವುದು ಪ್ರಾಣಿಯ ಜಾತಿಯನ್ನು, ವಯಸ್ಸನ್ನು. ಧರ್ಮಚಿಂತನೆ ಇನ್ನೂ ಹಿಂದಕ್ಕೆ ಹೋಗಿ, ಕೊಂದ ಪಾಪ ಯಾರಿಗೆ ತಟ್ಟುತ್ತದೆ ಎಂದು ಕೇಳುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯ ಕೊಂದವರ ಪಟ್ಟಿಯಲ್ಲಿ ಎಂಟು ಮಂದಿಯನ್ನು ಸೇರಿಸುತ್ತದೆ: ಒಪ್ಪಿಗೆ ಕೊಟ್ಟವನು, ಕಡಿದು ತುಂಡು ಮಾಡಿದವನು, ಕೊಂದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನು. ಯಜ್ಞದ ಮಾಂಸಕ್ಕೆ ಅದೇ ಅಧ್ಯಾಯ ಬೇರೆ ಲೆಕ್ಕ ಇಡುತ್ತದೆ, ಆ ಪೇಚು ಅಲ್ಲೇ ಇದೆ. ಆದರೂ ಅಡುಗೆಯವನನ್ನು ಹೆಸರಿಸಿ ಸೇರಿಸಿದ್ದು ಗಮನಿಸಬೇಕಾದದ್ದು. ಬೌದ್ಧ ಭಿಕ್ಷುಗಳ ವಿನಯನಿಯಮ ಇದಕ್ಕೆ ಎದುರು ದಿಕ್ಕಿನದು. ತನಗಾಗಿಯೇ ಕೊಂದದ್ದನ್ನು ಭಿಕ್ಷು ಕಂಡಿರದಿದ್ದರೆ, ಕೇಳಿರದಿದ್ದರೆ, ಆ ಬಗ್ಗೆ ಸಂಶಯವೂ ಇರದಿದ್ದರೆ ಬಟ್ಟಲಿಗೆ ಬಿದ್ದ ಮಾಂಸ ನಿರ್ದೋಷ. ಒಂದು ಮತ ಹೊಣೆಯನ್ನು ಎಂಟು ಕೈಗಳಿಗೆ ಹಂಚುತ್ತದೆ, ಇನ್ನೊಂದು ಅದನ್ನು ತಿನ್ನುವವನ ಅರಿವಿಗೆ ಕಟ್ಟುತ್ತದೆ. ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ತಂದ ಮಾಂಸಕ್ಕೆ ಎರಡನೆಯದು ಬಹಳ ಅನುಕೂಲ. ಆದರೆ ಭಿಕ್ಷುವಿನ ನಿಯಮ ಬೇಡಿ ಉಣ್ಣುವವನಿಗೆ ಹೇಳಿದ್ದು. ದುಡ್ಡು ಕೊಟ್ಟು ಕೊಳ್ಳುವವನು ಅದರ ನೆರಳಿಗೆ ನಿಲ್ಲುವುದು ಅಷ್ಟು ಸುಲಭವಲ್ಲ.

ಮಹಾಭಾರತದ ವನಪರ್ವದಲ್ಲಿ ಬರುವ ಮಿಥಿಲೆಯ ಧರ್ಮವ್ಯಾಧ ಮೂರನೆಯ ನೆಲೆಯವನು. ಬೇರೆಯವರು ಕೊಂದ ಹಂದಿ, ಕೋಣಗಳ ಮಾಂಸವನ್ನು ಅವನು ಮಾರುತ್ತಾನೆ, ತಾನು ತಿನ್ನುವುದಿಲ್ಲ. ತಪಸ್ಸಿನ ಗರ್ವ ಹೊತ್ತು ಬಂದ ಕೌಶಿಕನಿಗೆ ಧರ್ಮ ಹೇಳಿಕೊಡುವವನು ಅವನೇ. ನೇಗಿಲು ಹೂಡಿದರೆ ನೆಲದೊಳಗಿನ ಎಷ್ಟು ಜೀವಗಳು ಸಾಯುತ್ತವೆ ಎಂದು ಅವನು ಎತ್ತುವ ಮಾತು, ಜೋಳ, ಹತ್ತಿ, ಕಡಲೆ ಬೆಳೆಯುವ ಮಲಪ್ರಭೆಯ ಎರಿಹೊಲಗಳ ಒಕ್ಕಲುತನಕ್ಕೆ ನೇರವಾಗಿ ನಾಟುತ್ತದೆ. ಅವನ ತೀರ್ಮಾನದಲ್ಲಿ ಹಿಂಸೆಯಿಲ್ಲದ ಬದುಕು ಯಾರಿಗೂ ಇಲ್ಲ. ಇರುವ ವೃತ್ತಿಯಲ್ಲೇ ಹಿಂಸೆಯನ್ನು ಕಡಿಮೆ ಮಾಡಿಕೊಳ್ಳಬೇಕು.

ಆ ಎರಿಹೊಲವನ್ನು ಉತ್ತದ್ದು ಎತ್ತು. ಕೃಷ್ಣಾ, ಘಟಪ್ರಭಾ, ಮಲಪ್ರಭೆಗಳ ದಂಡೆಗೆ ಸೇರಿದ ಕೃಷ್ಣಾ ಕಣಿವೆ ತಳಿ ಜಿಗುಟು ಕಪ್ಪು ಮಣ್ಣಿನಲ್ಲಿ ಭಾರ ಎಳೆಯುವುದಕ್ಕೆ ಹೆಸರಾದದ್ದು. ನೊಗ ಹೊತ್ತು ರಂಟಿ, ಕುಂಟಿ ಎಳೆದ ಎದೆಯೇ ಈ ಬ್ರಿಸ್ಕೆಟ್ಟಿನ ಜಾಗ. ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಜೂಲ ಹೊದಿಸಿ ಸಂಜೆಗೆ ಕರಿ ಹರಿಯುತ್ತಾರೆ. ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡಿ ಮಣ್ಣೆತ್ತು ಮಾಡಿ, ಅವುಗಳ ಮುಂದೆ ಮಣ್ಣಿನದೇ ಗ್ವಾದಲಿ ಇಟ್ಟು ಪೂಜಿಸುತ್ತಾರೆ. ದೇವರ ಎತ್ತಿಗೂ ಮೇವು ತಿನ್ನುವ ಗ್ವಾದಲಿ ಇರಬೇಕೆಂಬ ಈ ಲೆಕ್ಕ ಯಾವ ಶಾಸ್ತ್ರವೂ ಬರೆದದ್ದಲ್ಲ, ಕೊಟ್ಟಿಗೆಯಿಂದ ಬಂದದ್ದು. ದುಡಿಸಿಕೊಂಡವನು ಉಣಿಸಬೇಕು ಎಂಬ ಋಣದ ನೀತಿ ಅದರಲ್ಲಿದೆ. ಪ್ರಾಣಿ ಪವಿತ್ರವಾದ್ದರಿಂದ ತಿನ್ನಬಾರದು ಎನ್ನುವುದಕ್ಕೂ, ಜೊತೆಗೆ ದುಡಿದದ್ದರಿಂದ ತಿನ್ನಬಾರದು ಎನ್ನುವುದಕ್ಕೂ ಅಂತರ ದೊಡ್ಡದು. ಎರಡನೆಯ ನೀತಿಯ ಪ್ರಕಾರ ನೋಡಿದರೆ, ದುಡಿಯಲಾರದ ಎತ್ತನ್ನು ಸಂತೆಯಲ್ಲಿ ಮಾರಿ ಕೈತೊಳೆದುಕೊಂಡವನೂ ಪೂರ್ತಿ ಬಿಡುಗಡೆಯಾದವನಲ್ಲ. ಮನುವಿನ ಪಟ್ಟಿಯಲ್ಲಿ ಮಾರಿದವನೂ ಇದ್ದಾನೆ.

ಸವದತ್ತಿ ರಟ್ಟರ ರಾಜಧಾನಿಯಾಗಿದ್ದ ಊರು. ರಟ್ಟರು ಜೈನ ಬಸದಿಗಳಿಗೆ ದತ್ತಿ ಕೊಟ್ಟವರು. ಜೈನರಲ್ಲಿ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಮೂರೂ ಹಿಂಸೆಯೇ. ಆ ಮೇಲೆ ಈ ಸೀಮೆಯಲ್ಲಿ ಬೇರೂರಿದ ಲಿಂಗಾಯತರದ್ದೂ ಶಾಕಾಹಾರ. ಆದರೆ ಶರಣರು ಅಹಿಂಸೆಯನ್ನು ಇನ್ನೊಬ್ಬರನ್ನು ಹೊರಗಿಡುವ ಬೇಲಿ ಮಾಡಲಿಲ್ಲ, ಅಲ್ಲಿ ಅವರ ಹೊಸತನವಿದೆ. ಸತ್ತ ದನದ ತೊಗಲು ಹದ ಮಾಡುವ ಡೋಹರ ಕಕ್ಕಯ್ಯ ಅವರಲ್ಲಿ ಹಿರಿಯ ಶರಣ. ಕಲ್ಯಾಣದ ಕಲಹದ ನಂತರ ಶರಣರು ಉಳವಿಯ ಕಡೆ ಹೊರಟ ದಾರಿಯಲ್ಲಿ ಅವನು ಐಕ್ಯನಾದದ್ದು ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಎಂಬುದು ಪರಂಪರೆ. ಕಿತ್ತೂರಿಗೆ ಅದು ದೂರವೇನಲ್ಲ. ದನದ ತೊಗಲು ಮುಟ್ಟಿದ ಕೈಯಿಂದ ಪ್ರಸಾದ ತೆಗೆದುಕೊಳ್ಳಬಹುದಾದರೆ, ಹೀನತೆ ವಸ್ತುವಿನಲ್ಲಿ ಇಲ್ಲ ಎಂದಾಯಿತು. ಮುಂದಿನ ತಲೆಮಾರುಗಳು ಶಾಕಾಹಾರವನ್ನು ಉಳಿಸಿಕೊಂಡಷ್ಟು ಗಟ್ಟಿಯಾಗಿ ಈ ಮಾತನ್ನು ಉಳಿಸಿಕೊಂಡವೆಂದು ಹೇಳಲಾಗದು.

ಊರ ದೇವತೆ ದ್ಯಾಮವ್ವನ ಜಾತ್ರೆಗಳಲ್ಲಿ ಹಿಂದೆ ಕೋಣನ ಬಲಿ ನಡೆಯುತ್ತಿತ್ತು. ಬಲಿ ಇಡೀ ಊರಿನದು, ಕೋಣನನ್ನು ಮುಟ್ಟುವ, ಕಡಿಯುವ, ತಿನ್ನುವ ಪಾಲು ಮಾತ್ರ ಹೊಲೆಯ ಮಾದಿಗರದು. ಒಪ್ಪಿಗೆ ಕೊಟ್ಟವರು ಶುದ್ಧರಾಗಿ ಉಳಿದರು, ಕೈ ಹಚ್ಚಿದವರು ಮೈಲಿಗೆಯಾದರು. 1959ರ ಪ್ರಾಣಿಬಲಿ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ಕುಂಬಳಕಾಯಿ ಒಡೆಯುವ ರೂಢಿ ಬಂತು. ಬಲಿ ಎಷ್ಟೋ ಕಡೆ ನಿಂತಿತು, ಕೇರಿ ಬೇರೆಯಾಗಿಯೇ ಉಳಿಯಿತು. ಅಂಬೇಡ್ಕರ್ 1948ರ ‘ದಿ ಅನ್‌ಟಚಬಲ್ಸ್’ ಗ್ರಂಥದಲ್ಲಿ ಅಸ್ಪೃಶ್ಯತೆಯ ಬೇರನ್ನು ಸತ್ತ ದನದ ಮಾಂಸ ತಿನ್ನುವುದರೊಂದಿಗೆ ಜೋಡಿಸಿದರು. 1927ರಲ್ಲಿ ಮಹಾಡ್‌ನಲ್ಲಿ ಅದನ್ನು ಬಿಡಿರೆಂದು ತಮ್ಮವರಿಗೆ ಕರೆ ಕೊಟ್ಟಿದ್ದರು. ಅದು ಪಾಪದ ಭಯದ ಮಾತಲ್ಲ, ಮಾನದ ಮಾತು. ತಿನ್ನುವುದು ಹಕ್ಕು ಎಂದು ಇಂದಿನ ದಲಿತ ಚಿಂತಕರು ವಾದಿಸುವುದೂ ಮಾನದ ನೆಲೆಯಿಂದಲೇ.

ಮುಸ್ಲಿಮರ ಶಾಸ್ತ್ರದಲ್ಲಿ ಪ್ರಶ್ನೆ ಕೊಲ್ಲಬಹುದೇ ಎಂಬುದಲ್ಲ, ಹೇಗೆ ಎಂಬುದು. ಅಲ್ಲಾಹನ ಹೆಸರು ಹೇಳಬೇಕು, ಚೂರಿ ಹರಿತವಿರಬೇಕು, ರಕ್ತ ಬಸಿಯಬೇಕು. ಬಕ್ರೀದಿಗೆ ಒಂದು ಕುರಿ ಒಬ್ಬರ ಹೆಸರಿಗೆ, ಒಂದು ದೊಡ್ಡ ಪ್ರಾಣಿ ಏಳು ಮಂದಿಯ ಹೆಸರಿಗೆ ಸಲ್ಲುತ್ತದೆ. ಈ ಆಯ್ಕೆ ಇರುವುದರಿಂದಲೇ ಆಕಳನ್ನು ಕೊಡುವುದು ಕಡ್ಡಾಯ ಆಚರಣೆಯಲ್ಲ ಎಂದು ಸುಪ್ರೀಂ ಕೋರ್ಟ್ 1958ರ ಮೊಹಮ್ಮದ್ ಹನೀಫ್ ಖುರೇಶಿ ಪ್ರಕರಣದಲ್ಲಿ ಹೇಳಿತು. ಆದರೆ ಉಪಯೋಗಕ್ಕೆ ಬಾರದ ಎತ್ತು, ಎಮ್ಮೆಗಳ ಪೂರ್ಣ ನಿಷೇಧವನ್ನು ಅದೇ ತೀರ್ಪು ಒಪ್ಪಲಿಲ್ಲ. 2005ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಬಹುಮತ, ಎತ್ತು ಹೋರಿಗಳ ವಧೆಯನ್ನು ಪೂರ್ತಿ ನಿಷೇಧಿಸಿದ ಗುಜರಾತಿನ ಕಾಯ್ದೆಯನ್ನು ಎತ್ತಿಹಿಡಿದು, ಗೋವಂಶದ ಮಟ್ಟಿಗೆ ಆ ನಿಲುವನ್ನು ಬದಲಿಸಿತು. ಆಯ್ಕೆ ಇದ್ದರೆ ಕಡ್ಡಾಯವಿಲ್ಲ ಎಂಬ ತರ್ಕ ಕೋರ್ಟಿಗೆ ಸರಿ. ಬಡವರ ಏಳು ಮನೆಗಳು ಸೇರಿ ಒಂದು ಪ್ರಾಣಿ ಕೊಳ್ಳುವುದಕ್ಕೂ, ಮನೆಗೊಂದು ಕುರಿ ಕೊಳ್ಳುವುದಕ್ಕೂ ಇರುವ ಖರ್ಚಿನ ಅಂತರ ಆ ತರ್ಕದಲ್ಲಿ ಕಾಣುವುದಿಲ್ಲ.

ಪಾಪದ ಪಾಲಿನ ಪ್ರಶ್ನೆ ಈ ಸೀಮೆಯಲ್ಲಿ ಕಥೆಯಾಗಿ ನಿಂತಿರುವುದು ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ. ಜಮದಗ್ನಿ ಆಜ್ಞೆ ಮಾಡಿದ, ಪರಶುರಾಮ ಕೊಡಲಿ ಬೀಸಿದ, ತಾಯಿ ರೇಣುಕೆಯ, ಅಂದರೆ ಎಲ್ಲಮ್ಮನ, ತಲೆ ಬಿತ್ತು. ಬಾಯಿಂದ ಕೊಂದವನು ಹೆಚ್ಚು ಹೊಣೆಗಾರನೋ ಕೈಯಿಂದ ಕೊಂದವನೋ? ಭಕ್ತರು ಇದನ್ನು ವಾದವಾಗಿ ಬಿಡಿಸಲು ಹೋಗಲಿಲ್ಲ. ಆಜ್ಞೆ ಮಾಡಿದವನಿಗೂ ಕೊಡಲಿ ಹಿಡಿದವನಿಗೂ ಸಿಗದಷ್ಟು ದೊಡ್ಡ ಪೂಜೆಯನ್ನು ಏಟು ತಿಂದವಳಿಗೆ ಸಲ್ಲಿಸಿದರು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಚಕ್ಕಡಿ ಕಟ್ಟಿಕೊಂಡು ಬಂದವರು ಗುಡ್ಡದಲ್ಲೇ ಒಲೆ ಹೂಡಿ ಹೋಳಿಗೆ, ಕಡುಬು, ರೊಟ್ಟಿ, ಪಲ್ಯ ಮಾಡಿ ಪಡಲಗಿ ತುಂಬಿಸುತ್ತಾರೆ. ಊರಲ್ಲಿ ಮಾಂಸ ತಿನ್ನುವ ಮನೆಯವರೂ ಅಲ್ಲಿ ಒಯ್ಯುವುದು ಸಸ್ಯಾಹಾರದ ಎಡೆಯನ್ನೇ. ಮಂಗಳವಾರ, ಶುಕ್ರವಾರ ಮನೆಯಲ್ಲೂ ಮಾಂಸ ಬೇಯಿಸದ ನೇಮ ಎಷ್ಟೋ ಕಡೆ ಇದೆ. ಬಿಟ್ಟೇಬಿಡು ಎನ್ನದೆ, ಇಂಥ ದಿನ ಇಂಥ ಜಾಗದಲ್ಲಿ ಬೇಡ ಎನ್ನುವ ಈ ನೇಮ ಹಿಂಸೆಗೆ ಒಂದು ಎಲ್ಲೆ ಹಾಕುತ್ತದೆ, ಧರ್ಮವ್ಯಾಧನ ದಾರಿಗೆ ಹತ್ತಿರವಾದದ್ದು.

ಇಷ್ಟೂ ಚಿಂತನೆಯಲ್ಲಿ ಬೇಯಿಸುವ ವೇಗಕ್ಕೆ ಜಾಗ ಸಿಗುವುದಿಲ್ಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಆಹಾರದ ಜೊತೆ ಹೊತ್ತನ್ನು ಎತ್ತುವುದು ಬೇಯಿಸಿ ಜಾವ ಕಳೆದ ಹಳಸಲಿನ ಬಗ್ಗೆ, ಎಷ್ಟು ಹೊತ್ತು ಬೇಯಿಸಿದರೆಂಬ ಬಗ್ಗೆ ಅಲ್ಲ. ಯೆಹೂದಿಗಳು ಹಬ್ಬಗಳಿಗೆ ಬ್ರಿಸ್ಕೆಟ್ ಮಾಡುವುದು ಮುಂಭಾಗದ ಮಾಂಸ ಅವರ ನಿಯಮಕ್ಕೆ ಸುಲಭವಾಗಿ ಒಗ್ಗುತ್ತದೆಂದು; ನಿಧಾನ ಅಲ್ಲಿ ರುಚಿಯ ಮಾತು, ಧರ್ಮದ್ದಲ್ಲ. ಪ್ರಾಣಿಯ ಆಯಸ್ಸು, ಕೊಂದ ರೀತಿ, ಕೈ ಹಚ್ಚಿದವರ ಪಾಡು ಎಲ್ಲವೂ ಮಾಂಸ ಬುಟ್ಟಿಗೆ ಬೀಳುವ ಮೊದಲೇ ತೀರ್ಮಾನವಾಗಿರುತ್ತವೆ. ಮನುವಿನ ಆರನೆಯವನ ಕೆಲಸವನ್ನು ಯಂತ್ರ ವಹಿಸಿಕೊಂಡಿತೆಂದು ಅಡುಗೆಯವನು ಹಗುರಾಗುವುದಿಲ್ಲ, ಗುಂಡಿ ಒತ್ತಿದ್ದು ಅವನ ಬೆರಳೇ.

ಯಂತ್ರ ನಿಜಕ್ಕೂ ಬದಲಿಸುವುದು ಶುದ್ಧಿಯ ಕಡೆಯ ವ್ಯವಹಾರವನ್ನು. ಓದಿಗೆ, ನೌಕರಿಗೆ ಹುಬ್ಬಳ್ಳಿ, ಪುಣೆ, ಬೆಂಗಳೂರಿಗೆ ಹೋದವರ ಬಾಡಿಗೆ ಮನೆಗಳಲ್ಲಿ ಮಾಂಸದ ಜಗಳ ಎಷ್ಟೋ ಸಲ ವಾಸನೆಯಿಂದ ಶುರುವಾಗುತ್ತದೆ. ಮುಚ್ಚಿದ ಬುಟ್ಟಿ ಅದನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಧರ್ಮಶಾಸ್ತ್ರದಲ್ಲಿ ಲೋಹದ ಪಾತ್ರೆಗೆ ಬೂದಿ, ಹುಳಿ, ನೀರಿನ ಶುದ್ಧಿ ಇದೆ, ಮಣ್ಣಿನ ಮಡಕೆಗೆ ಮತ್ತೆ ಸುಡುವ ಶುದ್ಧಿ ಇದೆ. ಏರ್ ಫ್ರೈಯರಿನ ಲೇಪ ಹಚ್ಚಿದ ಬುಟ್ಟಿ ಬೂದಿಯಲ್ಲಿ ತಿಕ್ಕಿದರೆ ಹಾಳಾಗುತ್ತದೆ, ಸುಡಲು ಬರುವುದಿಲ್ಲ. ಬುಟ್ಟಿ ಎಷ್ಟು ತೊಳೆದರೂ ಮೇಲೆ ಫ್ಯಾನು, ಕಾಯಿಸುವ ಸುರುಳಿಗೆ ಸಿಡಿದ ಕೊಬ್ಬು ಅಲ್ಲೇ ಕೂತಿರುತ್ತದೆ. ಹೀಗಾಗಿ ಮಾಂಸ ತಿನ್ನುವವರೂ ತಿನ್ನದವರೂ ಕೂಡಿರುವ ಮನೆಯಲ್ಲಿ ಮಡಿಯ ಲೆಕ್ಕಕ್ಕೆ ಇನ್ನೊಂದು ಬುಟ್ಟಿ ಸಾಲದು, ಇನ್ನೊಂದು ಯಂತ್ರವೇ ಬೇಕಾಗುತ್ತದೆ.