ಲಕ್ಷ್ಮವ್ವನ ಸೀರಿ

ತುಕ್ಕಾನಟ್ಟಿಯ ನಮ್ಮ ಮನೆಯ ದೇವರ ಜಗಲಿ ಮೇಲೆ, ದೀಪದ ಮಸಿ ಹಿಡಿದ ಗಾಜಿನ ಹಿಂದೆ, ಒಬ್ಬ ಲಕ್ಷ್ಮಿ ನಿಂತಿದ್ದಾಳೆ. ತಾವರೆಯ ಮೇಲೆ ಪಾದ, ನಾಲ್ಕು ಕೈ, ಪಕ್ಕದಲ್ಲೊಂದು ಆನೆ. ಯಾರೋ ಹಿರಿಯರು ಆಕೆಯ ಸೆರಗಿನ ಅಂಚಿಗೆ ಚಮಕಿ ಅಂಟಿಸಿದ್ದಾರೆ. ಸಂಜೆ ದೀಪ ಹಚ್ಚುವಾಗ ಆಯಿ ಅನ್ನುತ್ತಿದ್ದಳು: “ನೋಡವಾ, ಲಕ್ಷ್ಮವ್ವ ನಮ್ಮಂಗ ಸೀರಿ ಉಟ್ಟಾಳ.”

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಪಾಲ್ಗಡಲಲ್ಲಿ ಹುಟ್ಟಿದವಳಿಗೆ ನಮ್ಮ ಕಡೆಯ ಸೀರೆ ಉಡಿಸಿದವರು ಯಾರು?

ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ದೇವರ ಬಣ್ಣದ ಪಟಗಳು ಊರೂರಿನ ಜಗಲಿ ಏರಿದವು. ಆತ ಲಕ್ಷ್ಮಿಗೆ ತನ್ನ ಕಾಲದ ಗರತಿಯರ ಸೀರೆ, ರವಿಕೆ ತೊಡಿಸಿದ. ಅದಕ್ಕೂ ಹಿಂದೆ ಹೇಗಿತ್ತೆಂದು ತಿಳಿಯಲು, ನಮ್ಮಿಂದ ದೂರವಲ್ಲದ ಬಾದಾಮಿಯ ಮೂರನೆಯ ಗುಹೆಗೆ ಹೋಗಿ ನೋಡಿ. 578ರ ಶಾಸನವಿರುವ ಗುಹೆ ಅದು. ಅಲ್ಲಿನ ಕಲ್ಲಿನ ಹೆಂಗಳೆಯರಿಗೆ ಒಡವೆಯಿದೆ, ಹೊಲಿದ ರವಿಕೆಯಿಲ್ಲ.

ಲೇಪಾಕ್ಷಿಯಲ್ಲಿ ಇನ್ನೂ ದೊಡ್ಡ ಬೆರಗು. ವಿಜಯನಗರದ ಅರಸ ಅಚ್ಯುತರಾಯನ ಕಾಲದ ಅಲ್ಲಿನ ಗುಡಿಯ ಚಾವಣಿಯ ಚಿತ್ರಗಳಲ್ಲಿ, ಗುಡಿ ಕಟ್ಟಿಸಿದ ವಿರೂಪಣ್ಣ, ವೀರಣ್ಣ ಸೋದರರು ಎತ್ತರದ ಕುಲ್ಲಾಯಿ ಟೋಪಿ ತೊಟ್ಟು ನಿಂತಿದ್ದಾರೆ. ಅದೇ ಚಾವಣಿಯಲ್ಲಿ ಶಿವಪಾರ್ವತಿಯರ ಮದುವೆ. ನೆರೆದ ಹೆಣ್ಣುಮಕ್ಕಳನ್ನು ನೋಡುತ್ತ ನನ್ನ ಕತ್ತು ನೋಯುವುದೇ ಮರೆತುಹೋಯಿತು. ಒಬ್ಬಳ ಸೀರೆಯ ನಮೂನೆ ಇನ್ನೊಬ್ಬಳದಲ್ಲ. ಗೆರೆ, ಹೂವು, ಅಗಲದ ಅಂಚು, ಓರೆಯಾಗಿ ಕಟ್ಟಿದ ತುರುಬು. ಶಿವನ ಮದುವೆಗೆ ವಿಜಯನಗರದ ಪೇಟೆಯಿಂದ ಜವಳಿ ಬಂದಿದೆ! ಅಂದಿನ ಮಗ್ಗದ ಬಟ್ಟೆ ಜೀರ್ಣವಾಗಿ ಹೋಯಿತು. ಅದರ ನಮೂನೆ ದೇವರ ಮದುವೆಯಲ್ಲಿ ಉಳಿದುಕೊಂಡಿತು.

ಚಿತ್ರದಲ್ಲಿರುವವರು ಯಾರೆಂದು ತಿಳಿಯಲು ಕೈ ನೋಡಬೇಕು: ತ್ರಿಶೂಲವೋ, ವೀಣೆಯೋ, ತಾವರೆಯೋ. ಬರೆದವನ ಕಾಲ ತಿಳಿಯಲು ಮೈಮೇಲಿನ ಬಟ್ಟೆ ನೋಡಬೇಕು. ವೆನಿಸ್ಸಿನ ಚಿತ್ರಕಾರ ವೆರೊನೀಸ್, ಯೇಸು ಹೋದ ಕಾನಾ ಊರಿನ ಮದುವೆಯನ್ನು 1563ರಲ್ಲಿ ಬರೆದಾಗಲೂ ಬೀಗರಲ್ಲಿ ಹಲವರಿಗೆ ತನ್ನೂರಿನ ಉಡುಪನ್ನೇ ತೊಡಿಸಿದ. ಇದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಎದುರಿಗೆ ಬಂದು ನಿಂತ ದೇವರಿಗೆ ಮನೆಯಲ್ಲಿದ್ದ ಒಳ್ಳೆಯ ಸೀರೆಯನ್ನೇ ಅಲ್ಲವೇ ಉಡಿಸುವುದು?

ಈಗ ಮನೆ ಹೊಸದಾಗಿ ಕಟ್ಟಿಸಿದವರು ಹಳೆಯ ಪಟಗಳನ್ನು ಅರಳಿಕಟ್ಟೆಗೆ ಒರಗಿಸಿ ಬರುತ್ತಾರೆ. ಬಿಸಿಲು, ಮಳೆಗೆ ಎರಡೇ ತಿಂಗಳಲ್ಲಿ ಬಣ್ಣ ಇಳಿಯುತ್ತದೆ. ನಿಮ್ಮ ಮನೆಯಲ್ಲೂ ಅಂಥದೊಂದಿದ್ದರೆ, ಒಯ್ಯುವ ಮುಂಚೆ ಗಾಜು ಒರೆಸಿ, ಆಕೆಯ ಸೀರೆಯ ಅಂಚನ್ನೊಮ್ಮೆ ನೋಡಿ.