ಅಳಿವೆಯ ನೀರು ವಾಸಿಯಾಗಬೇಕಾದರೆ



ತಪಸ್ಸುಕಾಲದ ನಾಲ್ಕನೆಯ ವಾರದ ಮಂಗಳವಾರ ಬಲಿಪೂಜೆಗೆ ಹೋದವರು ಪ್ರವಾದಿ ಯೆಜೆಕಿಯೇಲನ ಗ್ರಂಥದ 47ನೆಯ ಅಧ್ಯಾಯದ ವಾಚನವನ್ನು ಕೇಳಿರುತ್ತೀರಿ. ದೇವಾಲಯದ ಹೊಸ್ತಿಲ ಕೆಳಗಿನಿಂದ ನೀರು ಹೊರಟು ಪೂರ್ವಕ್ಕೆ ಹರಿಯುತ್ತದೆ. ಅಳತೆನೂಲು ಹಿಡಿದ ಒಬ್ಬ ಪುರುಷನು ಸಾವಿರ ಮೊಳ ಅಳೆದು ಪ್ರವಾದಿಯನ್ನು ನೀರಿಗಿಳಿಸುತ್ತಾನೆ. ನೀರು ಪಾದದ ಗಂಟಿನವರೆಗೆ ಬರುತ್ತದೆ. ಇನ್ನೊಂದು ಸಾವಿರಕ್ಕೆ ಮೊಣಕಾಲು, ಮತ್ತೊಂದು ಸಾವಿರಕ್ಕೆ ಸೊಂಟ. ನಾಲ್ಕನೆಯ ಸಾವಿರಕ್ಕೆ ಅದು ಈಜದೆ ದಾಟಲಾಗದ ಹೊಳೆಯಾಗುತ್ತದೆ. ಆ ಹೊಳೆ ಹೋಗಿ ಸೇರುವುದು ಮೀನು ಬದುಕದ ಸಮುದ್ರವನ್ನು. ಸೇರಿದ ಮೇಲೆ ಆ ಸಮುದ್ರದ ನೀರೇ ವಾಸಿಯಾಗುತ್ತದೆ.

ಇಗರ್ಜಿಯಲ್ಲಿ ನಾವು ಕೇಳುವುದು ಇಷ್ಟನ್ನೇ. ಅಂದಿನ ವಾಚನ 9ನೆಯ ವಚನಕ್ಕೆ ನಿಂತು ನೇರವಾಗಿ 12ಕ್ಕೆ ಹೋಗುತ್ತದೆ. ನಡುವೆ ಬಿಟ್ಟುಹೋದ ಎರಡು ವಚನಗಳು ಯಾವುವು ಗೊತ್ತೇ? ಒಂದು, ದಡದಲ್ಲಿ ಸಾಲಾಗಿ ನಿಂತು ಬಲೆ ಒಣಗಿಸುವ ಬೆಸ್ತರದ್ದು. ಇನ್ನೊಂದು, ಅಲ್ಲಿನ ಜೌಗು ಮತ್ತು ಹೊಂಡಗಳದ್ದು. ಅವು ಮಾತ್ರ ಸಿಹಿಯಾಗುವುದಿಲ್ಲ, ಉಪ್ಪಿಗಾಗಿಯೇ ಉಳಿಯುತ್ತವೆ. ಕಡಲತೀರದಲ್ಲಿ ಹುಟ್ಟಿ ಬೆಳೆದ ನನಗೆ ಬಿಡಬೇಕಾಗಿದ್ದುದು ಇವೆರಡನ್ನೇ ಏನು ಎಂದು ಪ್ರತಿವರ್ಷವೂ ಸ್ವಲ್ಪ ಬೇಸರವಾಗುತ್ತದೆ. ಇಂದು ಮನೆಯಲ್ಲಿ ಜಪಸರ ಮುಗಿದ ಮೇಲೆ ಬೈಬಲ್ ತೆರೆದು ಆ ಎರಡು ವಚನಗಳನ್ನೂ ಸೇರಿಸಿ ಓದಿರಿ ಎಂದು ಕೇಳಿಕೊಳ್ಳುತ್ತೇನೆ. ಏಕೆಂದರೆ ಅವು ನಮ್ಮ ಅಳಿವೆಗಳ ವಿಷಯವನ್ನೇ ಹೇಳುತ್ತವೆ.

ಕುಮಟಾ ಮತ್ತು ಗೋಕರ್ಣಗಳ ನಡುವೆ ಅಘನಾಶಿನಿ ನದಿ ಸಮುದ್ರ ಸೇರುವ ಜಾಗವನ್ನು ನೋಡಿದವರಿಗೆ ಪ್ರವಾದಿಯ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಸಾಣಿಕಟ್ಟೆಯ ಉಪ್ಪಿನ ಆಗರ. ಇನ್ನೊಂದು ಕಡೆ, ಉಪ್ಪುನೀರು ನುಗ್ಗಿದರೂ ಸಾಯದ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು. ನಡುವೆ ಮೀನಿನ ಮರಿಗಳಿಗೆ ತೊಟ್ಟಿಲಾದ ಕಾಂಡ್ಲಾ ಗಿಡಗಳು. ನೀರಿಳಿದಾಗ ಕೆಸರಿನಲ್ಲಿ ಕುಳಿತು ಬಳಚು ಆರಿಸುವ ಹೆಂಗಸರು. ಮಂಗಳೂರಿನ ಕಡೆಯವರು ಮರುವಾಯಿ ಎನ್ನುವುದು ಅದನ್ನೇ. ಈ ಹೊಳೆಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. 2024ರ ಜನವರಿಯಲ್ಲಿ ಈ ಅಳಿವೆಯ 4801 ಹೆಕ್ಟೇರು ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಪ್ರಕಟವಾಯಿತು. ಸಾವಿರಾರು ಮನೆಗಳ ಅನ್ನ ಅಲ್ಲಿಯ ನೀರಿನಿಂದ ಬರುತ್ತದೆ.

ಆ ನೀರು ಉಪ್ಪೂ ಅಲ್ಲ, ಸಿಹಿಯೂ ಅಲ್ಲ. ಮಲೆನಾಡಿನ ಮಳೆನೀರು ಮತ್ತು ಕಡಲಿನ ಭರತದ ನೀರು ದಿನಕ್ಕೆ ಎರಡು ಬಾರಿ ಅಲ್ಲಿ ಬೆರೆಯುತ್ತವೆ. ಆ ಉಪ್ಪು ರೋಗವಲ್ಲ. ದೇವರು ಹಾಗೆಯೇ ಮಾಡಿದ್ದಾರೆ. ವಾಸಿಯಾಗಬೇಕಾದದ್ದು ಬೇರೆ, ಉಪ್ಪಾಗಿಯೇ ಉಳಿಯಬೇಕಾದದ್ದು ಬೇರೆ ಎಂಬ ವಿವೇಕ ಯೆಜೆಕಿಯೇಲನಿಗಿತ್ತು. ಕೆಸರು ಕಂಡಲ್ಲೆಲ್ಲ ಮಣ್ಣು ತುಂಬಿ ಸೈಟು ಮಾಡುವ ನಮಗೆ ಆ ವಿವೇಕ ಕಡಿಮೆ.

ಹಾಗಾದರೆ ಅಳಿವೆಗೆ ರೋಗ ಬರುವುದು ಹೇಗೆ? ಯಾರೂ ವಿಷ ತಂದು ಸುರಿಯಬೇಕಾಗಿಲ್ಲ. ಪೇಟೆಯ ಕಕ್ಕಸಿನ ನೀರು, ಮಳೆಗೆ ತೊಳೆದುಹೋದ ತೋಟದ ಯೂರಿಯಾ, ಸಿಗಡಿ ಕೆರೆಗಳಿಂದ ಹೊರಬಿಟ್ಟ ನೀರು, ಎಲ್ಲದರಲ್ಲಿಯೂ ಸಾರಜನಕವಿದೆ. ಗದ್ದೆಗೆ ಗೊಬ್ಬರವಾದದ್ದು ನೀರಿಗೂ ಗೊಬ್ಬರವೇ. ಅಲ್ಲಿ ಪಾಚಿ ಹುಲುಸಾಗಿ ಬೆಳೆದು ಬೆಳಕು ತಳ ಮುಟ್ಟದಂತೆ ಮಾಡುತ್ತದೆ, ತಳದ ಹುಲ್ಲು ಸಾಯುತ್ತದೆ. ಆಮೇಲೆ ಪಾಚಿಯೂ ಸತ್ತು ಕೊಳೆಯತೊಡಗಿದಾಗ ನೀರಿನೊಳಗಿನ ಆಮ್ಲಜನಕ ಮುಗಿದು ಮೀನು ಉಸಿರುಕಟ್ಟಿ ಮೇಲೆ ತೇಲುತ್ತದೆ. ಬಳಚಿನ ಕಷ್ಟ ಇನ್ನೊಂದು ತರಹದ್ದು. ಅದು ನೀರನ್ನು ಒಳಗೆಳೆದು ಸೋಸಿ, ಸೋಸಿದ್ದನ್ನು ತಿಂದು ಬದುಕುವ ಜೀವಿ. ಅದರ ಅಕ್ಕನಂತಿರುವ ಕಲುಗದಲ್ಲಿ ದೊಡ್ಡದೊಂದು, ಎಲ್ಲ ಅನುಕೂಲವಿದ್ದರೆ, ದಿನಕ್ಕೆ ನೂರು ಲೀಟರಿಗಿಂತ ಹೆಚ್ಚು ನೀರು ಸೋಸಬಲ್ಲದು. ನಮ್ಮ ಕೊಳೆಯನ್ನು ಅವು ಬಾಯಿಮುಚ್ಚಿಕೊಂಡು ಶುದ್ಧಮಾಡುತ್ತವೆ. ಆದರೆ ಕೊಳೆಯಲ್ಲಿದ್ದ ರೋಗಾಣು ಅವುಗಳ ಹೊಟ್ಟೆಯಲ್ಲಿ ಉಳಿದು ಮರುದಿನ ಯಾರದೋ ಮನೆಯ ಪಾತ್ರೆಗೆ ಬರುತ್ತದೆ.

ಪ್ರಿಯರೇ, ಅಘನಾಶಿನಿ ಎಂದರೆ ಪಾಪವನ್ನು ನಾಶಮಾಡುವವಳು ಎಂದರ್ಥ. ನಮ್ಮ ಹಿಂದೂ ಸಹೋದರರು ಎಷ್ಟೋ ತಲೆಮಾರುಗಳಿಂದ ಆ ಹೆಸರಿನಿಂದ ಆಕೆಯನ್ನು ಕರೆಯುತ್ತಿದ್ದಾರೆ. ಜ್ಞಾನಸ್ನಾನದ ನೀರಿನಿಂದ ಹೊಸಜನ್ಮ ಪಡೆದ ನಮಗೂ ಆ ಹೆಸರಿನ ಭಾವ ಹೊಸದಲ್ಲ. ಆದರೆ ಪಾಪ ತೊಳೆಯುವ ನೀರಿಗೆ ನಾವು ಪಾಪವನ್ನೇ ಮಾಡಿದರೆ ಅದನ್ನು ತೊಳೆಯುವುದು ಎಲ್ಲಿ?

ಹಾಳಾದ ಅಳಿವೆ ಮತ್ತೆ ಸರಿಯಾದದ್ದುಂಟೇ ಎಂದು ಕೇಳುವವರಿಗೆ ದೂರದ ಒಂದು ಕೊಲ್ಲಿಯ ಕಥೆ ಹೇಳುತ್ತೇನೆ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಟ್ಯಾಂಪಾ ಎಂಬ ಕೊಲ್ಲಿ ಇದೆ. 1950ರ ಸುಮಾರಿಗೆ ಅದರ ತಳದಲ್ಲಿ 40 ಸಾವಿರ ಎಕರೆಯಷ್ಟು ಕಡಲಹುಲ್ಲು ಇತ್ತು. ಸುತ್ತಲಿನ ಊರುಗಳು ಬೆಳೆದವು. ಅರೆಬರೆ ಶುದ್ಧಮಾಡಿದ ಕೊಳಚೆಯೆಲ್ಲ ಕೊಲ್ಲಿಗೆ ಬಿತ್ತು. 1982ರಲ್ಲಿ ಅಳೆದಾಗ ಹುಲ್ಲು 21 ಸಾವಿರದ ಚಿಲ್ಲರೆ ಎಕರೆಗೆ ಇಳಿದಿತ್ತು. ಆದರೆ ಅಷ್ಟರಲ್ಲಿ ಜನ ಎಚ್ಚತ್ತಿದ್ದರು. ಕೊಲ್ಲಿಗೆ ಬಿಡುವ ಕೊಳಚೆಯನ್ನು ಸಾರಜನಕ ತೆಗೆಯುವ ಮಟ್ಟಿಗೆ ಶುದ್ಧಮಾಡಬೇಕೆಂದು 1972ರಲ್ಲಿಯೇ ರಾಜ್ಯದ ಶಾಸನಸಭೆ ಕಾಯಿದೆ ಮಾಡಿತ್ತು; 1979ರಲ್ಲಿ ಟ್ಯಾಂಪಾ ನಗರದ ದೊಡ್ಡ ಶುದ್ಧೀಕರಣ ಘಟಕ ಹೊಸ ರೀತಿಯಲ್ಲಿ ಕೆಲಸ ಆರಂಭಿಸಿತು. ಕೆಲವು ವರ್ಷಗಳಲ್ಲಿ ನೀರು ತಿಳಿಯಾಯಿತು. ಹುಲ್ಲು ಮಾತ್ರ ಅವಸರ ಮಾಡಲಿಲ್ಲ. ಅದು ಮತ್ತೆ 40 ಸಾವಿರ ಎಕರೆ ದಾಟಿದ್ದು 2014ರಲ್ಲಿ. 35 ವರ್ಷ! ಯೆಜೆಕಿಯೇಲನ ವಾಚನದ ದಿನವೇ ನಾವು ಓದುವ ಶುಭಸಂದೇಶದಲ್ಲಿ ಬೆತ್ಸಥ ಕೊಳದ ದಡದ ರೋಗಿ 38 ವರ್ಷ ನರಳುತ್ತಿದ್ದನಲ್ಲವೇ, ಹೆಚ್ಚುಕಡಿಮೆ ಅಷ್ಟೇ ಕಾಲ.

ಆ ಕೊಲ್ಲಿಯ ಜನ ಸರಕಾರದ ಮೇಲೆ ಮಾತ್ರ ಭಾರ ಹಾಕಿ ಕೂರಲಿಲ್ಲ. ಕೊಲ್ಲಿಯ ಒಂದು ಬದಿಯ ಪಿನೆಲಸ್ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಎಂದರೆ ಅಲ್ಲಿಯ ಮಳೆಗಾಲದಲ್ಲಿ, ಮನೆಯಂಗಳದ ಹುಲ್ಲಿಗೆ ಸಾರಜನಕದ ಗೊಬ್ಬರ ಹಾಕಕೂಡದೆಂದು 2010ರಲ್ಲಿ ನಿಯಮ ಮಾಡಿದರು. ನಮ್ಮಲ್ಲಿ ಮೋಡ ಕಂಡ ಕೂಡಲೇ ಯೂರಿಯಾ ಚೀಲ ಬಿಚ್ಚುವವರು ಇದನ್ನು ಸ್ವಲ್ಪ ಯೋಚಿಸಬೇಕು. ಅರ್ಧ ತೋಟಕ್ಕೆ, ಅರ್ಧ ಹೊಳೆಗೆ ಎಂಬಂತಾಗುತ್ತದೆ. ದುಡ್ಡು ಮಾತ್ರ ಪೂರ್ತಿ ನಮ್ಮದೇ.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೂ ಸಂತೋಷವೇ. ಮುಗಿಯಲಿಲ್ಲ. 2016ರ ನಂತರ ಅಲ್ಲಿಯ ಹುಲ್ಲು ಮತ್ತೆ ಇಳಿಯತೊಡಗಿತು. 2021ರಲ್ಲಿ, ಮುಚ್ಚಿಹೋದ ಒಂದು ರಸಗೊಬ್ಬರ ಕಾರ್ಖಾನೆಯ ತ್ಯಾಜ್ಯಕೊಳದ ದಂಡೆ ಒಡೆಯುವ ಭೀತಿಯಿಂದ 80 ಕೋಟಿ ಲೀಟರಿಗೂ ಹೆಚ್ಚು ಕೆಟ್ಟ ನೀರನ್ನು ಕೊಲ್ಲಿಗೇ ಬಿಟ್ಟರು. 2022ರ ಅಳತೆಯಲ್ಲಿ ಹುಲ್ಲು 30 ಸಾವಿರ ಎಕರೆಯ ಆಸುಪಾಸಿಗೆ ಬಂದಿತ್ತು. ಪಾಪನಿವೇದನೆಯ ಪೀಠದಲ್ಲಿ ಕುಳಿತುಕೊಳ್ಳುವ ಯಾವ ಗುರುವಿಗೂ ಇದು ಆಶ್ಚರ್ಯದ ಸಂಗತಿಯಲ್ಲ. ಎದ್ದವನು ಮತ್ತೆ ಬೀಳುತ್ತಾನೆ. ಬಿದ್ದನೆಂದು ಎದ್ದದ್ದು ಸುಳ್ಳಾಗುವುದಿಲ್ಲ.

ಪಾಪನಿವೇದನೆಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. ಪಶ್ಚಾತ್ತಾಪಪಟ್ಟು ಪಾಪ ಹೇಳಿಕೊಂಡವನಿಗೆ ಕ್ಷಮೆ ಆ ಕ್ಷಣದಲ್ಲಿಯೇ ಸಿಗುತ್ತದೆ. ಆದರೆ ಕದ್ದವನು ಕದ್ದದ್ದನ್ನು ಹಿಂದಿರುಗಿಸಬೇಕೆಂದು ಧರ್ಮಸಭೆ ಯಾವಾಗಲೂ ಬೋಧಿಸಿದೆ. ಯೇಸುಸ್ವಾಮಿ ಮನೆಗೆ ಬಂದ ದಿನ ಜಕ್ಕಾಯನು ಕಣ್ಣೀರು ಸುರಿಸಿ ಸುಮ್ಮನಾಗಲಿಲ್ಲ; ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುವೆನೆಂದು ಎಲ್ಲರೆದುರು ಲೆಕ್ಕ ಹೇಳಿದ. ಸೃಷ್ಟಿಗೆ ಮಾಡಿದ ಅನ್ಯಾಯದ ವಿಷಯದಲ್ಲಿ ನಾವು ಜಕ್ಕಾಯನ ಮೊದಲರ್ಧದಲ್ಲಿಯೇ ನಿಂತಿದ್ದೇವೆ. ಜಗದ್ಗುರು ಎರಡನೇ ಜಾನ್ ಪಾಲರು 1990ರ ಜನವರಿ 1ರ ಶಾಂತಿದಿನದ ಸಂದೇಶವನ್ನು ಸೃಷ್ಟಿಯ ರಕ್ಷಣೆಗಾಗಿಯೇ ಮೀಸಲಿಟ್ಟಿದ್ದರು. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ ಪರಿಸರದ ವಿಷಯದಲ್ಲಿಯೂ ಮನಪರಿವರ್ತನೆ ಬೇಕೆಂದರು. ಈ ಮಾತುಗಳ ಮೇಲೆ ನಾವು ವಿಚಾರಗೋಷ್ಠಿಗಳನ್ನು ಬೇಕಾದಷ್ಟು ಮಾಡಿದ್ದೇವೆ. ಗೋಷ್ಠಿಯ ಊಟದ ಪ್ಲಾಸ್ಟಿಕ್ ಲೋಟಗಳು ಎಲ್ಲಿಗೆ ಹೋದವೆಂದು ಕೇಳಿದವರು ಕಡಿಮೆ.

ಎಲ್ಲರ ತಪ್ಪೂ ಒಂದೇ ತೂಕದ್ದು ಎಂದು ನಾನು ಹೇಳುತ್ತಿಲ್ಲ. ದಡದ ಮೂರು ಸೆಂಟ್ಸ್ ಜಾಗದಲ್ಲಿ ಗುಂಡಿ ತೋಡಿದರೆ ಮೊಳದಾಳಕ್ಕೇ ನೀರು ಬರುವ ಬಡವನ ಕಕ್ಕಸನ್ನು ಬೈದು, ಊರಿಡೀ ಕೊಳಚೆಯನ್ನು ಶುದ್ಧಮಾಡದೆ ಹೊಳೆಗೆ ಬಿಡುವ ಆಡಳಿತದ ಎದುರು ಬಾಯಿಮುಚ್ಚಿಕೊಂಡರೆ ಅದು ಧರ್ಮವಲ್ಲ, ಅಂಜಿಕೆ. ಗ್ರಾಮಸಭೆಗೆ ಹೋಗಿ ಕೇಳುವುದೂ ಕ್ರೈಸ್ತನ ಕರ್ತವ್ಯವೇ. ಆದರೆ ರಾತ್ರಿ ಸೇತುವೆಯ ಮೇಲೆ ಸ್ಕೂಟರ್ ನಿಲ್ಲಿಸಿ ಕೋಳಿಯ ತ್ಯಾಜ್ಯದ ಚೀಲವನ್ನೂ ಮಗುವಿನ ಡೈಪರಿನ ಕಟ್ಟನ್ನೂ ಕೆಳಗೆ ಎಸೆಯುವವರು ಬಡವರಲ್ಲ. ಅವರಲ್ಲಿ ಕೆಲವರು ಭಾನುವಾರ ಮುಂದಿನ ಸಾಲಿನಲ್ಲಿ ಮೊಣಕಾಲೂರುತ್ತಾರೆ.

ಇಷ್ಟು ಹೇಳಿದ ಮೇಲೆ ನನ್ನದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನು ಅಳಿವೆಯ ದಡದ ಒಂದು ಧರ್ಮಕೇಂದ್ರದಲ್ಲಿದ್ದೆ. ಒಂದು ದಿನ ಬೆಳಗಿನ ಪೂಜೆಯಾದ ಮೇಲೆ ವಯಸ್ಸಾದ ತಾಯಿಯೊಬ್ಬರು ಬುಟ್ಟಿ ಹಿಡಿದು ನಿಂತಿದ್ದರು. "ಫಾದರ್, ಬೇಜಾರು ಮಾಡಬೇಡಿ. ನಿಮ್ಮ ಪೈಪಿನ ಹತ್ತಿರ ನಾವು ಈಗ ಬಳಚು ತೆಗೆಯುವುದಿಲ್ಲ" ಎಂದರು. ಯಾವ ಪೈಪು ಎಂದು ಕೇಳಿದೆ. ನನ್ನನ್ನೇ ಕರೆದುಕೊಂಡು ಹೋಗಿ ತೋರಿಸಿದರು. ಗುರುಗಳ ಮನೆ ಮತ್ತು ಸಭಾಭವನ ಎರಡಕ್ಕೂ ಸೇರಿದ ಸೆಪ್ಟಿಕ್ ಟ್ಯಾಂಕು ಎಂದೋ ತುಂಬಿ, ಹೆಚ್ಚಾದದ್ದು ಕೇದಿಗೆ ಪೊದೆಯ ಹಿಂದಿನಿಂದ ನೇರವಾಗಿ ಹೊಳೆಗೆ ಬೀಳುತ್ತಿತ್ತು. ನಾನು ಅಲ್ಲಿಗೆ ಬಂದು ಮೂರು ವರ್ಷವಾಗಿತ್ತು. ಅಷ್ಟರಲ್ಲಿ ಸೃಷ್ಟಿಯ ವಿಷಯವಾಗಿ ಎರಡು ಸಲ ಪ್ರಸಂಗ ಮಾಡಿದ್ದೆ. ಆ ತಾಯಿ ಎರಡನ್ನೂ ಕೇಳಿದ್ದರಂತೆ.

ಪಾಲನಾ ಮಂಡಳಿಯಲ್ಲಿ ವಿಷಯ ಇಟ್ಟಾಗ ದೊಡ್ಡ ಮಾತುಕತೆಯಾಯಿತು. ಹೊಸ ಟ್ಯಾಂಕು ಮತ್ತು ಇಂಗುಗುಂಡಿಗೆ ಬೇಕಾದ ಹಣ ವಾರ್ಷಿಕ ಹಬ್ಬದ ದೀಪಾಲಂಕಾರ ಮತ್ತು ಬ್ಯಾಂಡಿನ ಹಣಕ್ಕಿಂತ ಹೆಚ್ಚಿತ್ತು. ಒಬ್ಬ ಗುರ್ಕಾರರು, ಮೇಲಿನ ಪೇಟೆಯ ಕೊಳಚೆಯೆಲ್ಲ ಬರುವಾಗ ನಮ್ಮದೊಂದು ಪೈಪು ಮುಚ್ಚಿ ಏನಾಗುತ್ತದೆ ಫಾದರ್ ಎಂದು ಕೇಳಿದರು. ನನ್ನ ಹತ್ತಿರ ಒಳ್ಳೆಯ ಉತ್ತರವಿರಲಿಲ್ಲ. "ಪೇಟೆಯವರನ್ನು ಕೇಳಲು ಹೋಗುವಾಗ ನಮಗೆ ಬಾಯಿ ಇರಬೇಕಲ್ಲ" ಎಂದೆ. ಆ ವರ್ಷದ ಹಬ್ಬ ಬ್ಯಾಂಡಿಲ್ಲದೆ ನಡೆಯಿತು. ಕೆಲವರು ನನ್ನೊಡನೆ ಮಾತು ಬಿಟ್ಟರು.

ಮಳೆಗೆ ಮೊದಲೇ ಕೆಲಸ ಮುಗಿಯಿತು. ಆ ತಾಯಿಯನ್ನು ಕರೆದು ತೋರಿಸಿದೆ. ಸಿಮೆಂಟು ಬಡಿದು ಮುಚ್ಚಿದ ಪೈಪಿನ ಬಾಯಿಯನ್ನು ಬಗ್ಗಿ ನೋಡಿದರು. "ಒಳ್ಳೇದಾಯಿತು ಫಾದರ್. ಎರಡು ಮಳೆಗಾಲ ಹೋಗಲಿ, ಆಮೇಲೆ ನೋಡುವ" ಎಂದರು.

ಎರಡನೆಯ ಮಳೆಗಾಲ ಮುಗಿಯುವ ಮೊದಲೇ ನನಗೆ ವರ್ಗವಾಯಿತು. ಆ ಊರಿನವರು ಸಿಕ್ಕಾಗಲೆಲ್ಲ ಆ ಜಾಗದಲ್ಲಿ ಬಳಚು ತೆಗೆಯುತ್ತಾರೆಯೇ ಎಂದು ಕೇಳುತ್ತೇನೆ. ಹೋದ ಸಲ ಸಿಕ್ಕವರು, ಕೆಲವು ಹುಡುಗಿಯರು ಇಳಿಯುತ್ತಿದ್ದಾರೆ, ಆ ಅಜ್ಜಿ ಮಾತ್ರ ಇನ್ನೂ ಇಳಿದಿಲ್ಲ ಎಂದರು.