ಎತ್ತಿನ ಪಕ್ಕೆ, ನೇಕಾರರ ತೋಳು

ಕಾರಹುಣ್ಣಿಮೆಗೆ ಗರಗದ ಎತ್ತುಗಳು ಸಿಂಗಾರಗೊಂಡು ನಿಂತಾಗ ಕೊಂಬಿನ ಬಣ್ಣ, ಗೆಜ್ಜೆಸರ, ಜೂಲ ಎಲ್ಲವೂ ಕಣ್ಣು ಸೆಳೆಯುತ್ತವೆ. ನನ್ನ ಕಣ್ಣು ಮಾತ್ರ ಜೂಲದಡಿ ಏರಿ ಇಳಿಯುವ ಪಕ್ಕೆಯ ಮೇಲೆ ನಿಂತುಬಿಡುತ್ತದೆ. ಅಲ್ಲಿ 13 ಜೋಡಿ ಎಲುಬುಗಳಿವೆ. ಬರದ ವರ್ಷದಲ್ಲಿ ಮಾತ್ರ ಅವು ಎಣಿಸಲು ಸಿಗುತ್ತವೆ. ಆ ಎಣಿಕೆ ಯಾವ ರೈತನಿಗೂ ಬೇಡ.

ನಮ್ಮಲ್ಲಿ ಸಾಮಾನ್ಯವಾಗಿ 12 ಜೋಡಿ. ಮೇಲಿನ 7 ನೇರವಾಗಿ ಎದೆಯೆಲುಬನ್ನು ಸೇರುತ್ತವೆ, ಮುಂದಿನ 3 ತಮ್ಮ ಮೇಲಿನದರ ಮೃದ್ವಸ್ಥಿಯನ್ನು ಹಿಡಿದುಕೊಳ್ಳುತ್ತವೆ, ಕೊನೆಯ 2 ಎತ್ತಲೂ ಸೇರದೆ ಮಾಂಸದೊಳಗೇ ಮುಗಿಯುತ್ತವೆ. ಹೃದಯಕ್ಕೆ ಕಾವಲಾಗುವಷ್ಟು ಗಟ್ಟಿ. ಆದರೂ ದಿನಕ್ಕೆ ಸುಮಾರು 20,000 ಸಲ ಉಸಿರಿಗೆ ಜಾಗ ಬಿಡಲೇಬೇಕು. ಉಸಿರೆಳೆದಾಗ ಮೇಲಿನವು ಎದೆಯನ್ನು ಮುಂದಕ್ಕೆತ್ತುತ್ತವೆ, ಕೆಳಗಿನವು ಬಕೆಟ್ಟಿನ ಹಿಡಿ ಮೇಲೇಳುವ ಹಾಗೆ ಹೊರಕ್ಕೆ ಏಳುತ್ತವೆ. ಇಷ್ಟೆಲ್ಲ ದುಡಿಮೆಯ ನಡುವೆ ಅವುಗಳ ಒಳಗಿನ ಮಜ್ಜೆ ಜೀವವಿರುವಷ್ಟು ಕಾಲ ರಕ್ತಕಣಗಳನ್ನು ಹುಟ್ಟಿಸುತ್ತಲೇ ಇರುತ್ತದೆ. ಕಾಯುವುದೂ ಬಾಗುವುದೂ ಒಂದೇ ಎಲುಬಿಗೆ ಹೇಗೆ ಸಾಧ್ಯವಾಯಿತು?

ಎರಡೂ ಎಲ್ಲರಿಗೂ ಒದಗಿಲ್ಲ. ಆಮೆಯ ಪಕ್ಕೆಲುಬುಗಳು ಅಗಲವಾಗಿ ಚಿಪ್ಪಿನಲ್ಲೇ ಬೆಸೆದುಹೋದವು. ಕಾವಲು ಸಿಕ್ಕಿತು, ಚಲನೆ ಹೋಯಿತು. ಅದು ಹೊಟ್ಟೆಯ ಸ್ನಾಯುಗಳಿಂದ ಉಸಿರಾಡುತ್ತದೆ. ಕಪ್ಪೆಗೆ ಎದೆಗೂಡೇ ಇಲ್ಲ, ಗಂಟಲಿನಿಂದ ಗಾಳಿ ನೂಕಿಕೊಳ್ಳುತ್ತದೆ. ಹಾವಿಗೆ ಕಾಲೂ ಇಲ್ಲ, ಎದೆಯೆಲುಬೂ ಇಲ್ಲ. ಮೈಯುದ್ದಕ್ಕೂ ನೂರಾರು ಪಕ್ಕೆಲುಬು. ಪಂಚಮಿಗೆ ನಾವು ಹಾಲೆರೆಯುವ ನಾಗಪ್ಪನ ಹೆಡೆಯೂ ಅದೇ: ಕೊರಳಿನ ನೀಳವಾದ ಪಕ್ಕೆಲುಬುಗಳು ಹೊರಕ್ಕೆ ಚಾಚಿ ಚರ್ಮವನ್ನು ಬಿಗಿದಾಗ ಹೆಡೆ ಬಿಚ್ಚುತ್ತದೆ. ಇದನ್ನು ತಿಳಿದ ಮೇಲೆ ನನ್ನ ಭಕ್ತಿ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಎತ್ತಿನ ಮುಂಗಾಲು. ಹೆಗಲನ್ನು ಎದೆಗೆ ಕಟ್ಟುವ ಕೊರಳೆಲುಬು ಅದಕ್ಕಿಲ್ಲ. ಮುಂಗಾಲಿಗೂ ಎದೆಗೂಡಿಗೂ ನಡುವೆ ಎಲುಬಿನ ಕೀಲೇ ಇಲ್ಲ. ಮೈಭಾರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರುವ ಆ ಕಾಲುಗಳ ನಡುವೆ ಎದೆಗೂಡು ತೂಗಿಕೊಂಡಿದೆ. ತೂಗಿ ಹಿಡಿದಿರುವುದು ಮುಖ್ಯವಾಗಿ ಪಕ್ಕೆಲುಬುಗಳಿಂದ ಹೊರಟು ಹೆಗಲ ಹಲಗೆಯ ಒಳಬದಿಗೆ ಹೋಗಿ ಸೇರುವ ಒಂದು ಸ್ನಾಯು. ಎರೆಹೊಲದ ಕೆಸರಿನಲ್ಲಿ ಕುಂಟೆ ಎಳೆಯುವ ಎತ್ತನ್ನು ನೋಡುವಾಗ ಇದು ನೆನಪಾದರೆ ಮಾತೇ ಹೊರಡುವುದಿಲ್ಲ.

ಅದೇ ಸ್ನಾಯು ನಮ್ಮಲ್ಲೂ ಇದೆ. ನೆಟ್ಟಗೆ ನಿಂತ ನಮ್ಮ ಎದೆಯನ್ನು ಅದು ಹೊರಬೇಕಾಗಿಲ್ಲ. ಹೆಗಲ ಹಲಗೆಯನ್ನು ಪಕ್ಕೆಲುಬುಗಳಿಗೆ ಒತ್ತಿ ಹಿಡಿದು, ತೋಳನ್ನು ಮುಂದಕ್ಕೆ ಕಳಿಸುತ್ತದೆ. ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು ಗರಗ. ಮಗ್ಗದ ಮುಂದೆ ಕೂತವರ ತೋಳು ಮುಂದೆ ಚಾಚಿದಾಗಲೆಲ್ಲ ಅದರ ಬಲದ ಬುಡ ಪಕ್ಕೆಲುಬುಗಳಲ್ಲಿದೆ, ಹೊಲದಲ್ಲಿರುವ ಎತ್ತಿನದೂ ಅಲ್ಲೇ. ಆ ಸ್ನಾಯುವಿನ ನರ ಸೋತರೆ ಹೆಗಲ ಹಲಗೆ ಬೆನ್ನಿನಿಂದ ಎದ್ದು ನಿಲ್ಲುತ್ತದೆ. ಕೈ ತಲೆಯ ಮೇಲೆ ಸರಾಗವಾಗಿ ಏಳುವುದಿಲ್ಲ, ಬಾಗಿಲು ತಳ್ಳುವುದೂ ಕಷ್ಟವಾಗುತ್ತದೆ.